ಸೈಬರ್ ಭದ್ರತೆಯ ನಿಯಂತ್ರಣಗಳು: ವರ್ಗ ಮತ್ತು ವಿಧಗಳ ಪರಿಚಯ

ಗಂಗಾವತಿಯ ಅಕ್ಕಿ ಗಿರಣಿ, ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದ ಕೂದಲು ಸಂಸ್ಕರಣಾ ಘಟಕ, ಕುಷ್ಟಗಿಯ ಗ್ರಾನೈಟ್ ಉದ್ದಿಮೆ, ಯಲಬುರ್ಗಾದ ಕಾಳುಕಡಿ ವ್ಯಾಪಾರ – ಇವುಗಳ ವಹಿವಾಟು ಒಂದು ಕಾಲಕ್ಕೆ ಕೀರ್ದಿ, ಖಾತೆ ಪುಸ್ತಕ ಹಾಗೂ ತಿಜೋರಿಯಲ್ಲಿ ಭದ್ರವಾಗಿತ್ತು. ಇಂದು ಅದೇ ವಹಿವಾಟು ಗಣಕಯಂತ್ರದ ಲೆಕ್ಕಪತ್ರ ತಂತ್ರಾಂಶ, ಜಿಎಸ್‌ಟಿ ಜಾಲತಾಣ, ಇ-ವೇ ಬಿಲ್ ಮತ್ತು ಆನ್‌ಲೈನ್ ಪಾವತಿಗಳ ಮೂಲಕ ನಡೆಯುತ್ತದೆ. ತಿಜೋರಿಯ ಕೀಲಿ ಯಾರ ಬಳಿ ಇರಬೇಕೆಂಬುದನ್ನು ಪ್ರತಿಯೊಬ್ಬ ವರ್ತಕನೂ ಬಲ್ಲ. ಬ್ಯಾಂಕ್ ಖಾತೆಯ ಪಾಸ್‌ವರ್ಡ್ ವಿಚಾರದಲ್ಲಿ ಮಾತ್ರ ಆ ಎಚ್ಚರ ಅನೇಕ ಕಡೆ ಕಾಣುವುದಿಲ್ಲ.

ಇದೇ ವೇಳೆಗೆ ವರ್ತಕ ಕುಟುಂಬಗಳ ಯುವಕ ಯುವತಿಯರು ಸೈಬರ್ ಭದ್ರತೆಯ ಪ್ರಮಾಣಪತ್ರ ಪರೀಕ್ಷೆಗಳತ್ತ ಒಲವು ತೋರುತ್ತಿದ್ದಾರೆ. ಕಾಂಪ್‌ಟಿಯಾ ಸಂಸ್ಥೆಯ ಸೆಕ್ಯುರಿಟಿ ಪ್ಲಸ್ ಅಂತಹ ಪರೀಕ್ಷೆಗಳಲ್ಲೊಂದು. 2023ರ ನವೆಂಬರ್‌ನಲ್ಲಿ ಹೊರಬಂದ ಅದರ ಎಸ್‌ವೈ0-701 ಆವೃತ್ತಿಯ ಪಠ್ಯಕ್ರಮ ಆರಂಭವಾಗುವುದೇ ‘ಭದ್ರತಾ ನಿಯಂತ್ರಣಗಳ ವಿಧಗಳು’ ಎಂಬ ವಿಷಯದಿಂದ. ಪರೀಕ್ಷಾರ್ಥಿಗಳು ಬಾಯಿಪಾಠ ಮಾಡಿ ಗೊಂದಲಕ್ಕೀಡಾಗುವ ಈ ವಿಷಯವು ಅಂಗಡಿ, ಗಿರಣಿಗಳ ಮಾಲೀಕರಿಗೂ ಅಷ್ಟೇ ಉಪಯುಕ್ತವಾಗಿದೆ.

ಎರಡು ಪ್ರಶ್ನೆಗಳು

ಅಪಾಯವನ್ನು ತಗ್ಗಿಸಲು ಕೈಗೊಳ್ಳುವ ಯಾವುದೇ ಕ್ರಮಕ್ಕೆ ನಿಯಂತ್ರಣ ಎಂದು ಹೆಸರು. ಪ್ರತಿಯೊಂದು ನಿಯಂತ್ರಣಕ್ಕೂ ಎರಡು ಪ್ರಶ್ನೆಗಳನ್ನು ಕೇಳಬಹುದು. ಅದು ಯಾವುದರ ಮೂಲಕ ಜಾರಿಯಾಗುತ್ತದೆ ಎಂಬುದು ಮೊದಲನೆಯದು. ಇದರ ಉತ್ತರವೇ ‘ವರ್ಗ’. ಅದು ಯಾವ ಉದ್ದೇಶಕ್ಕೆ, ಯಾವ ಹೊತ್ತಿನಲ್ಲಿ ಕೆಲಸ ಮಾಡುತ್ತದೆ ಎಂಬುದು ಎರಡನೆಯದು. ಇದರ ಉತ್ತರವೇ ‘ವಿಧ’. ಈ ಎರಡನ್ನೂ ಬೇರ್ಪಡಿಸಿ ನೋಡಿದರೆ ಅರ್ಧ ಗೊಂದಲ ಅಲ್ಲಿಗೇ ಪರಿಹಾರವಾಗುತ್ತದೆ.

ವರ್ಗಗಳು ನಾಲ್ಕು. ಫೈರ್‌ವಾಲ್, ವೈರಸ್ ನಿರೋಧಕ ತಂತ್ರಾಂಶ, ಎರಡು ಹಂತದ ದೃಢೀಕರಣ ಇವು ಯಂತ್ರ ಮತ್ತು ತಂತ್ರಾಂಶಗಳೇ ನಡೆಸುವ ತಾಂತ್ರಿಕ ನಿಯಂತ್ರಣಗಳು. ಅಪಾಯದ ಅಂದಾಜು, ಲಿಖಿತ ನೀತಿ, ಯಾರಿಗೆ ಎಷ್ಟು ಅಧಿಕಾರ ಎಂಬ ತೀರ್ಮಾನ ಇವು ಮಾಲೀಕರ ಮಟ್ಟದ ನಿರ್ವಹಣಾ ನಿಯಂತ್ರಣಗಳು. ಪರೀಕ್ಷೆಯಲ್ಲಿ ಇವಕ್ಕೆ ಮ್ಯಾನೇಜೀರಿಯಲ್ ಎನ್ನುತ್ತಾರೆ. ಸಿಬ್ಬಂದಿಯ ತರಬೇತಿ, ದಿನನಿತ್ಯದ ತಪಾಸಣೆಯಂತೆ ಮನುಷ್ಯರು ನಿತ್ಯ ನಡೆಸುವ ಕ್ರಮಗಳು ಕಾರ್ಯಾಚರಣೆಯ ಅಂದರೆ ಆಪರೇಷನಲ್ ನಿಯಂತ್ರಣಗಳು. ಬೀಗ, ಬೇಲಿ, ದೀಪ, ಗಣಕಯಂತ್ರದ ಕೋಣೆಯ ಬಾಗಿಲು ಇವು ಭೌತಿಕ ನಿಯಂತ್ರಣಗಳು.

ಇನ್ನು ವಿಧಗಳು ಆರು. ಇವುಗಳನ್ನು ತಿಳಿಯಲು ಗಂಗಾವತಿಯ ಒಂದು ಅಕ್ಕಿ ಗಿರಣಿಯನ್ನು ಕಲ್ಪಿಸಿಕೊಳ್ಳಬಹುದು. ಗಿರಣಿಯವರು ಹೊರರಾಜ್ಯದ ಒಬ್ಬ ಸರಬರಾಜುದಾರರಿಂದ ಯಂತ್ರದ ಬಿಡಿಭಾಗ ತರಿಸಿಕೊಂಡಿದ್ದು, ಎಂಟು ಲಕ್ಷ ರೂಪಾಯಿ ಕೊಡಬೇಕಿದೆ. ಅಷ್ಟರಲ್ಲಿ ಸರಬರಾಜುದಾರರ ಹೆಸರಿನಲ್ಲಿಯೇ ಒಂದು ಇ-ಮೇಲ್ ಬರುತ್ತದೆ: ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹೊಸ ಖಾತೆಗೆ ಹಣ ಜಮಾ ಮಾಡಿರಿ.’ ಆ ಇ-ಮೇಲ್ ಕಳುಹಿಸಿದವನು ವಂಚಕ.

ಆರು ವಿಧಗಳು

ಮೊದಲನೆಯದು ನಿರ್ದೇಶಕ ನಿಯಂತ್ರಣ, ಪರೀಕ್ಷೆಯ ಭಾಷೆಯಲ್ಲಿ ಡೈರೆಕ್ಟಿವ್. ‘ಖಾತೆ ಬದಲಾವಣೆಯ ಸೂಚನೆ ಬಂದರೆ, ಹಳೆಯ ಕಡತದಲ್ಲಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳದೆ ಹಣ ಕಳುಹಿಸಕೂಡದು’ ಎಂಬ ಲಿಖಿತ ನಿಯಮ ಇದಕ್ಕೆ ಉದಾಹರಣೆ. ಇಲ್ಲಿ ಇ-ಮೇಲ್‌ನಲ್ಲಿಯೇ ಕೊಟ್ಟಿರುವ ಸಂಖ್ಯೆಗೆ ಕರೆ ಮಾಡಿದರೆ ಪ್ರಯೋಜನವಿಲ್ಲ. ಅದನ್ನು ಎತ್ತುವವನೂ ವಂಚಕನೇ. ಸರ್ಕಾರದ ಆದೇಶಗಳೂ ಈ ವಿಧಕ್ಕೆ ಸೇರುತ್ತವೆ. ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಅದರಲ್ಲಿ ಹೆಸರಿಸಿದ ಸೈಬರ್ ಘಟನೆಗಳು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಗಣಕ ವ್ಯವಸ್ಥೆಯ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು. ಸಣ್ಣ ಉದ್ದಿಮೆಗಳಿಗೆ ಇದರ ಪಾಲನೆಗಾಗಿ 2022ರ ಸೆಪ್ಟೆಂಬರ್ 25ರವರೆಗೆ ಕಾಲಾವಕಾಶ ನೀಡಲಾಗಿತ್ತು.

ಎರಡನೆಯದು ಅಂಜಿಕೆ ಹುಟ್ಟಿಸುವ ನಿಯಂತ್ರಣ, ಅಂದರೆ ಡಿಟರೆಂಟ್. ಇದು ಯಾರ ಕೈಯನ್ನೂ ಕಟ್ಟಿಹಾಕುವುದಿಲ್ಲ. ತಪ್ಪು ಮಾಡಲಿರುವವನ ಮನಸ್ಸನ್ನು ಹಿಂಜರಿಯುವಂತೆ ಮಾಡುತ್ತದೆ. ‘ಇಲ್ಲಿ ಕ್ಯಾಮೆರಾ ಕಣ್ಗಾವಲಿದೆ’ ಎಂಬ ಫಲಕ, ‘ಈ ಗಣಕಯಂತ್ರದ ಎಲ್ಲ ಬಳಕೆಯೂ ದಾಖಲಾಗುತ್ತದೆ’ ಎಂದು ಪರದೆಯ ಮೇಲೆ ಮೂಡುವ ಎಚ್ಚರಿಕೆ ಇಂಥವು. ದೂರದಲ್ಲಿ ಕುಳಿತ ವಂಚಕನಿಗಿಂತ ಒಳಗಿನವರ ಮೇಲೆ ಇದರ ಪ್ರಭಾವ ಹೆಚ್ಚು.

ಮೂರನೆಯದು ತಡೆಯುವ ನಿಯಂತ್ರಣ, ಅಂದರೆ ಪ್ರಿವೆಂಟಿವ್. ಒಬ್ಬ ಗುಮಾಸ್ತ ಪಾವತಿಯನ್ನು ನಮೂದಿಸಿ, ಮಾಲೀಕರು ತಮ್ಮದೇ ಪಾಸ್‌ವರ್ಡ್‌ನಿಂದ ಅನುಮೋದಿಸಿದ ಮೇಲಷ್ಟೇ ಹಣ ಹೋಗುವ ವ್ಯವಸ್ಥೆಯನ್ನು ಬ್ಯಾಂಕಿನಲ್ಲಿ ಮಾಡಿಸಿದರೆ ಅದು ತಡೆ. ತಂತ್ರಾಂಶದ ದೋಷ ನಿವಾರಣೆಯನ್ನು ಕಾಲಕಾಲಕ್ಕೆ ಅಳವಡಿಸುವುದೂ ತಡೆಯೇ. 2017ರ ಮೇ 12ರಂದು ಜಗತ್ತಿನಾದ್ಯಂತ ಹಬ್ಬಿದ ವಾನಾಕ್ರೈ ಎಂಬ ರಾನ್ಸಮ್‌ವೇರ್ ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಪರಿಹಾರ ಒದಗಿಸಿತ್ತು. ಸುಮಾರು ಎರಡು ತಿಂಗಳ ಅವಕಾಶವಿದ್ದರೂ ಅದನ್ನು ಅಳವಡಿಸಿಕೊಳ್ಳದ ಯಂತ್ರಗಳು ದಾಳಿಗೆ ತುತ್ತಾದವು.

ನಾಲ್ಕನೆಯದು ಪತ್ತೆ ಹಚ್ಚುವ ನಿಯಂತ್ರಣ, ಅಂದರೆ ಡಿಟೆಕ್ಟಿವ್. ಬ್ಯಾಂಕಿನಿಂದ ಬರುವ ಎಸ್‌ಎಂಎಸ್, ಪ್ರತಿದಿನ ಸಂಜೆ ಬ್ಯಾಂಕ್ ಖಾತೆಯನ್ನೂ ಲೆಕ್ಕಪತ್ರವನ್ನೂ ತಾಳೆ ನೋಡುವ ಪದ್ಧತಿ, ವ್ಯವಸ್ಥೆಯ ದಾಖಲೆಗಳ ಪರಿಶೀಲನೆ ಇದಕ್ಕೆ ಸೇರುತ್ತವೆ. ಇದು ಕಳ್ಳತನವನ್ನು ನಿಲ್ಲಿಸುವುದಿಲ್ಲ. ಕಳ್ಳತನವಾಗಿದೆ ಎಂದು ತಿಳಿಸುತ್ತದೆ.

ಐದನೆಯದು ಸರಿಪಡಿಸುವ ನಿಯಂತ್ರಣ, ಅಂದರೆ ಕರೆಕ್ಟಿವ್. ಕಳೆದ ದತ್ತಾಂಶವನ್ನು ಬ್ಯಾಕಪ್ ಪ್ರತಿಯಿಂದ ಮರಳಿ ಪಡೆಯುವುದು, ವೈರಸ್ ತಗುಲಿದ ಯಂತ್ರವನ್ನು ಜಾಲದಿಂದ ಬೇರ್ಪಡಿಸಿ ಶುಚಿಗೊಳಿಸುವುದು ಇದರ ಕೆಲಸ. ಹಣ ವಂಚಕನ ಖಾತೆಗೆ ಹೋಗಿಬಿಟ್ಟಿದ್ದರೆ ಕೂಡಲೇ ಬ್ಯಾಂಕಿಗೆ ತಿಳಿಸಿ, 1930 ಸಹಾಯವಾಣಿಗೆ ದೂರು ನೀಡುವುದೂ ಇದೇ ವಿಧ. ಎಷ್ಟು ಬೇಗ ದೂರು ಹೋಗುವುದೋ ಅಷ್ಟರಮಟ್ಟಿಗೆ ಹಣ ಕೈಬದಲಾಗುವ ಮೊದಲೇ ತಡೆಹಿಡಿಯುವ ಅವಕಾಶವಿರುತ್ತದೆ.

ಆರನೆಯದು ಬದಲಿ ನಿಯಂತ್ರಣ, ಅಂದರೆ ಕಾಂಪೆನ್ಸೇಟಿಂಗ್. ಮಾಡಬೇಕಾದ ಕ್ರಮವನ್ನು ಕಾರಣಾಂತರದಿಂದ ಮಾಡಲಾಗದಿದ್ದಾಗ ಅದರ ಸ್ಥಾನದಲ್ಲಿ ಕೈಗೊಳ್ಳುವ ಮತ್ತೊಂದು ಕ್ರಮವಿದು. ಗಿರಣಿಯ ವೇಬ್ರಿಡ್ಜ್‌ಗೆ ಜೋಡಿಸಿದ ಗಣಕಯಂತ್ರದಲ್ಲಿ ವಿಂಡೋಸ್ 7 ಇದೆ ಎಂದುಕೊಳ್ಳೋಣ. ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಆದರೆ ತೂಕದ ತಂತ್ರಾಂಶ ಹೊಸ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಆಗ ಆ ಯಂತ್ರದ ಅಂತರ್ಜಾಲ ಸಂಪರ್ಕವನ್ನು ತೆಗೆದು, ಹೊರಗಿನ ಪೆನ್‌ಡ್ರೈವ್ ಬಳಕೆಯನ್ನು ನಿಲ್ಲಿಸಿ, ಅದನ್ನು ಕಚೇರಿಯ ಉಳಿದ ಯಂತ್ರಗಳಿಂದ ಪ್ರತ್ಯೇಕವಾಗಿರಿಸುವುದು ಬದಲಿ ನಿಯಂತ್ರಣವಾಗುತ್ತದೆ.

ತಡೆಯೊಂದೇ ಸಾಲದು

ಭದ್ರತೆ ಎಂದೊಡನೆ ಬಹುತೇಕರು ಖರ್ಚು ಮಾಡುವುದು ತಡೆಯುವ ನಿಯಂತ್ರಣಕ್ಕೆ ಮಾತ್ರ. ವೈರಸ್ ನಿರೋಧಕ ತಂತ್ರಾಂಶ ಕೊಂಡರೆ ಕೆಲಸ ಮುಗಿಯಿತೆಂಬ ಭಾವನೆಯಿದೆ. ತಡೆ ಮುರಿದಾಗ ಏನಾಗುವುದೆಂಬುದಕ್ಕೆ ಪುಣೆಯ ಕಾಸ್ಮಸ್ ಸಹಕಾರಿ ಬ್ಯಾಂಕಿನ ಪ್ರಕರಣ ಸಾಕ್ಷಿ. 2018ರ ಆಗಸ್ಟ್ 11ರಂದು ನಕಲಿ ಕಾರ್ಡುಗಳ ಮೂಲಕ 28 ದೇಶಗಳ ಎಟಿಎಂಗಳಿಂದ ಹಣ ತೆಗೆಯಲಾಯಿತು. ಎರಡು ದಿನ ಕಳೆದು, ಆಗಸ್ಟ್ 13ರಂದು ಸ್ವಿಫ್ಟ್ ವ್ಯವಸ್ಥೆಯ ಮೂಲಕ ಹಾಂಗ್‌ಕಾಂಗ್‌ನ ಖಾತೆಗೆ ಮತ್ತಷ್ಟು ಹಣ ಹೋಯಿತು. ಒಟ್ಟು ನಷ್ಟ ಸುಮಾರು 94 ಕೋಟಿ ರೂಪಾಯಿ. ಮೊದಲ ದಾಳಿಗೂ ಎರಡನೆಯದಕ್ಕೂ ನಡುವಿನ ಆ ಎರಡು ದಿನಗಳೇ ಪತ್ತೆ ಹಚ್ಚುವ ಮತ್ತು ಸರಿಪಡಿಸುವ ನಿಯಂತ್ರಣಗಳು ಕೆಲಸ ಮಾಡಬೇಕಾದ ಹೊತ್ತು.

ನಮ್ಮ ರಾಜ್ಯದಲ್ಲಿಯೂ ಇಂತಹ ಉದಾಹರಣೆಯಿದೆ. 2019ರಲ್ಲಿ ರಾಜ್ಯ ಸರ್ಕಾರದ ಆಗಿನ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೆ ಕನ್ನ ಹಾಕಿ 11 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಬೇರೆ ಖಾತೆಗಳಿಗೆ ವರ್ಗಾಯಿಸಿದ ಪ್ರಕರಣ ಸಿಐಡಿ ತನಿಖೆಗೆ ಒಳಪಟ್ಟಿತು. ಟೆಂಡರ್‌ಗಳಲ್ಲಿ ಭಾಗವಹಿಸುವ ವರ್ತಕರು ಮತ್ತು ಗುತ್ತಿಗೆದಾರರು ಠೇವಣಿ ಕಟ್ಟುವುದು ಇಂತಹ ಜಾಲತಾಣಗಳ ಮೂಲಕವೇ ಆದ್ದರಿಂದ, ಮರಳಿ ಬರಬೇಕಾದ ಠೇವಣಿ ಬಂದಿದೆಯೇ ಎಂದು ತಾಳೆ ನೋಡುವ ರೂಢಿಯನ್ನು ಅವರೂ ಇಟ್ಟುಕೊಳ್ಳುವುದು ಲೇಸು.

ಪರೀಕ್ಷಾರ್ಥಿಗಳ ಗಮನಕ್ಕೆ

ಒಂದೇ ವಸ್ತು ಎರಡು ವಿಧಗಳಿಗೆ ಸೇರಬಹುದು. ಕ್ಯಾಮೆರಾ ಕಣ್ಣಿಗೆ ಕಾಣುವಂತಿದ್ದು ಕಳ್ಳನನ್ನು ಹಿಂಜರಿಸಿದರೆ ಡಿಟರೆಂಟ್. ಅದರ ಚಿತ್ರಣ ನೋಡಿ ಕಳವನ್ನು ಗುರುತಿಸಿದರೆ ಡಿಟೆಕ್ಟಿವ್. ಬೀಗ ಭೌತಿಕ ವರ್ಗದ ಪ್ರಿವೆಂಟಿವ್ ನಿಯಂತ್ರಣ. ತರಬೇತಿ ಪಡೆದ ಗುಮಾಸ್ತ ಸಂಜೆ ಮಾಡುವ ತಾಳೆ ಕಾರ್ಯಾಚರಣೆಯ ವರ್ಗದ ಡಿಟೆಕ್ಟಿವ್ ನಿಯಂತ್ರಣ. ಆದ್ದರಿಂದ ವಸ್ತುವಿನ ಹೆಸರನ್ನಲ್ಲ, ಪ್ರಶ್ನೆಯಲ್ಲಿ ಅದಕ್ಕೆ ವಹಿಸಿದ ಕೆಲಸವನ್ನು ನೋಡಿ ಉತ್ತರಿಸಬೇಕು. ಹಳೆಯ ಎಸ್‌ವೈ0-601 ಆವೃತ್ತಿಯಲ್ಲಿ ‘ಭೌತಿಕ’ ಎಂಬುದನ್ನು ವಿಧಗಳ ಸಾಲಿನಲ್ಲಿ ಸೇರಿಸಲಾಗಿತ್ತು. 701ರಲ್ಲಿ ಅದನ್ನು ವರ್ಗಗಳಿಗೆ ಸೇರಿಸಿ, ವಿಧಗಳಲ್ಲಿ ಡೈರೆಕ್ಟಿವ್ ಅನ್ನು ಹೊಸದಾಗಿ ತರಲಾಯಿತು. ಹಳೆಯ ಪುಸ್ತಕ ಓದುವವರು ಇದನ್ನು ಗಮನಿಸಬೇಕು. ಈ ಪರೀಕ್ಷೆಯಲ್ಲಿ 90 ನಿಮಿಷಗಳಲ್ಲಿ ಗರಿಷ್ಠ 90 ಪ್ರಶ್ನೆಗಳಿಗೆ ಉತ್ತರಿಸಬೇಕಿದ್ದು, ಉತ್ತೀರ್ಣರಾಗಲು 900ರ ಮಾಪನದಲ್ಲಿ 750 ಅಂಕ ಬೇಕು.

ವರ್ತಕರು ಮಾಡಬಹುದಾದದ್ದು

ಒಂದು ಹಾಳೆಯಲ್ಲಿ ಆರು ವಿಧಗಳನ್ನು ಬರೆದು, ತಮ್ಮ ಅಂಗಡಿ ಅಥವಾ ಘಟಕದಲ್ಲಿ ಪ್ರತಿಯೊಂದಕ್ಕೂ ಏನಿದೆ ಎಂದು ಮಾಲೀಕರು ಗುರುತು ಹಾಕಬೇಕು. ಖಾಲಿ ಉಳಿಯುವ ಸಾಲುಗಳಲ್ಲಿ ಹೆಚ್ಚಿನವನ್ನು ದೊಡ್ಡ ಖರ್ಚಿಲ್ಲದೆಯೇ ತುಂಬಬಹುದು. ಖಾತೆ ಬದಲಾವಣೆಯ ನಿಯಮವನ್ನು ಬರೆದು ಗುಮಾಸ್ತನ ಮೇಜಿನೆದುರು ಅಂಟಿಸಲು ಒಂದು ಹಾಳೆ ಸಾಕು. ಸಂಜೆಯ ತಾಳೆಗೆ ಹತ್ತು ನಿಮಿಷ ಸಾಕು. ವಾರಕ್ಕೊಮ್ಮೆ ಲೆಕ್ಕಪತ್ರದ ಪ್ರತಿ ತೆಗೆದು, ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿ ಬೇರೆ ಕಡೆ ಇಡಬೇಕು; ಯಂತ್ರಕ್ಕೆ ಜೋಡಿಸಿಯೇ ಬಿಟ್ಟ ಪ್ರತಿಯನ್ನು ರಾನ್ಸಮ್‌ವೇರ್ ಬಿಡುವುದಿಲ್ಲ. ಆ ಪ್ರತಿಯಿಂದ ದತ್ತಾಂಶ ಮರಳಿ ಬರುವುದೇ ಎಂದು ಆಗಾಗ ಪರೀಕ್ಷಿಸಿ ನೋಡುವುದೂ ಅವಶ್ಯ.

ಮನೆಯಲ್ಲಿ ಈ ಪರೀಕ್ಷೆಗೆ ಓದುತ್ತಿರುವ ಮಗನೋ ಮಗಳೋ ಇದ್ದರೆ ಈ ಪಟ್ಟಿಯನ್ನು ಅವರಿಂದಲೇ ಮಾಡಿಸಬಹುದು. ಅವರ ಪಾಠವೂ ಗಟ್ಟಿಯಾಗುತ್ತದೆ. ಅಂಗಡಿಯ ಭದ್ರತೆಯಲ್ಲಿ ಎಲ್ಲಿ ಕೊರತೆಯಿದೆ ಎಂಬುದೂ ನಷ್ಟವಾಗುವ ಮೊದಲೇ ತಿಳಿಯುತ್ತದೆ.