ಔಷಧಿಯೊಳಗಿನ ಪಾಲಿಮರು ಮತ್ತು ಅದರ ಪರೀಕ್ಷೆ

ಸುಲ್ತಾನ್ ಬಜಾರಿನ ಔಷಧದ ಅಂಗಡಿಯಿಂದ ನಾವು ಕೊಂಡು ತರುವ ಗುಳಿಗೆಯಲ್ಲಿ ಮದ್ದಲ್ಲದ ಪದಾರ್ಥಗಳೂ ಇರುತ್ತವೆ. ಜಠರದ ಆಮ್ಲದಲ್ಲಿ ಕರಗದೆ ಕರುಳಿನಲ್ಲಿ ಕರಗಲೆಂದು ಕೆಲವಕ್ಕೆ ಪಾಲಿಮರಿನ ಹೊದಿಕೆ ಕೊಡುತ್ತಾರೆ. ಹೊದಿಕೆ ಬಿರಿಯದಂತೆ ಮೆದುಗೊಳಿಸಲು ಟ್ರೈಈಥೈಲ್ ಸಿಟ್ರೇಟ್, ಥ್ಯಾಲೇಟ್ ಮೊದಲಾದವನ್ನು ಬೆರೆಸುವುದುಂಟು. ಇವುಗಳ ಪೈಕಿ ಡೈಬ್ಯುಟೈಲ್ ಥ್ಯಾಲೇಟನ್ನು ಬಳಸದಿರುವುದು ಲೇಸೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2012ರಲ್ಲಿ ಸಲಹೆಯಿತ್ತಿತು.

ಇಂತಹವನ್ನು ಪತ್ತೆ ಹಚ್ಚುವ ಒಂದು ಮುಖ್ಯ ಸಾಧನ ಗ್ಯಾಸ್ ಕ್ರೊಮಟೋಗ್ರಾಫ್. ಗುಳಿಗೆಯಿಂದ ದ್ರಾವಕದಲ್ಲಿ ಇಳಿಸಿಕೊಂಡ ಅಂಶದ ಒಂದು ಸೂಕ್ಷ್ಮ ಹನಿಯನ್ನು ಕಾಯಿಸಿ ಆವಿಯಾಗಿಸುತ್ತಾರೆ. ಹೀಲಿಯಂ ಅಥವಾ ನೈಟ್ರೊಜನ್ ಅನಿಲವು ಆ ಆವಿಯನ್ನು ಸುಮಾರು 30 ಮೀಟರು ಉದ್ದದ, ಕೂದಲೆಳೆಯಷ್ಟು ಸಪುರವಾದ ನಳಿಕೆಯೊಳಗೆ ಒಯ್ಯುತ್ತದೆ. ಒಳಗೋಡೆಯ ಲೇಪಕ್ಕೆ ಒಂದೊಂದು ಪದಾರ್ಥವೂ ಒಂದೊಂದು ಪ್ರಮಾಣದಲ್ಲಿ ಅಂಟಿ ತಡೆಯುವುದರಿಂದ, ಎಲ್ಲವೂ ಬೇರೆ ಬೇರೆ ನಿಮಿಷಕ್ಕೆ ಹೊರಬೀಳುತ್ತವೆ. ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಡನೆ ತಾಳೆ ನೋಡುವಂತೆ, ಆ ಸಮಯವನ್ನು ಶುದ್ಧ ಮಾದರಿಯ ಸಮಯದೊಡನೆ ತಾಳೆ ನೋಡಬೇಕು. ಎರಡು ಪದಾರ್ಥಗಳು ಒಂದೇ ವೇಳೆಗೆ ಬಂದಾವು. ಆದುದರಿಂದ ಮಾಸ್ ಸ್ಪೆಕ್ಟ್ರೊಮೀಟರಿನ ಎರಡನೆಯ ಸಾಕ್ಷ್ಯ ಬೇಕಾಗುತ್ತದೆ. ಪಾಲಿಮರಾದರೋ ಆವಿಯಾಗುವುದೇ ಇಲ್ಲ. ಅದನ್ನು ಗಾಳಿಯಿಲ್ಲದೆಡೆ ತೀವ್ರವಾಗಿ ಕಾಯಿಸಿ, ಒಡೆದ ಚೂರುಗಳಿಂದ ಮೂಲವನ್ನು ಊಹಿಸುತ್ತಾರೆ.

ಜೀವಕ್ಕೆ ಕುತ್ತು ಬರುವುದು ಇನ್ನೊಂದೆಡೆ. ಎಥಿಲೀನ್ ಗ್ಲೈಕಾಲಿನ ಅನೇಕ ಕೊಂಡಿಗಳು ಸೇರಿದರೆ ಪಾಲಿಎಥಿಲೀನ್ ಗ್ಲೈಕಾಲ್. ಇದು ಔಷಧಿಗಳಲ್ಲಿ ಬಳಕೆಯಲ್ಲಿರುವ ಪಾಲಿಮರು. ಎರಡೇ ಕೊಂಡಿಗಳಾದರೆ ಡೈಎಥಿಲೀನ್ ಗ್ಲೈಕಾಲ್. ಮೂತ್ರಪಿಂಡವನ್ನು ಕೆಡಿಸುವ ವಿಷ. ಬಣ್ಣವಿಲ್ಲ, ರುಚಿಯೂ ಸಿಹಿ. ಸಿರಪ್ಪಿಗೆ ಹಾಕುವ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲುಗಳಲ್ಲಿ ಇದು ಸೇರಿಕೊಂಡರೆ ಕಣ್ಣಿಗೂ ನಾಲಗೆಗೂ ತಿಳಿಯದು. 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಇಂತಹ ಗ್ಲಿಸರಿನ್ನಿನಿಂದ 14 ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ ಆಯೋಗವು ಅದರ ವಿಚಾರಣೆ ನಡೆಸಿತು. ಗ್ಲಿಸರಿನ್ನಿನಲ್ಲಿ ಈ ವಿಷಕ್ಕಿರುವ ಮಿತಿ ಶೇಕಡಾ 0.1. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ 20ಕ್ಕೂ ಹೆಚ್ಚು ಮಕ್ಕಳನ್ನು ಬಲಿತೆಗೆದುಕೊಂಡ ಕೆಮ್ಮಿನ ಸಿರಪ್ಪಿನಲ್ಲಿ ಕಂಡುಬಂದುದು ಶೇಕಡಾ 48.6!

ರಫ್ತಾಗುವ ಕೆಮ್ಮಿನ ಸಿರಪ್ಪಿಗೆ ನಿಗದಿತ ಪ್ರಯೋಗಾಲಯಗಳ ಪ್ರಮಾಣಪತ್ರವು 2023ರ ಜೂನ್ 1ರಿಂದಲೇ ಕಡ್ಡಾಯವಾಗಿತ್ತು. ನಮ್ಮ ಮಕ್ಕಳು ಕುಡಿಯುವ ಸಿರಪ್ಪಿಗೆ ಆ ಕಟ್ಟುಪಾಡಿರಲಿಲ್ಲವೆಂಬುದು ವಿಷಾದದ ಸಂಗತಿ. ಪರೀಕ್ಷೆಯ ವಿಧಾನ ಹೊಸದೇನಲ್ಲ. ಕಚ್ಚಾ ಸಾಮಗ್ರಿಯ ಪ್ರತಿ ಪೀಪಾಯಿಗೂ ಅದನ್ನು ಮಾಡಬೇಕಷ್ಟೆ. ಗೃಹಸ್ಥರ ಕೈಯಲ್ಲಿರುವುದು ಬಿಲ್ಲು ಮತ್ತು ಸೀಸೆಯ ಮೇಲಿನ ಬ್ಯಾಚ್ ಸಂಖ್ಯೆ. ಸಿರಪ್ ಕುಡಿದ ಮಗುವಿಗೆ ವಾಂತಿಯಾಗಿ ಮೂತ್ರ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಉಳಿದ ಸಿರಪ್ಪನ್ನು ಚೆಲ್ಲದೆ, ಸೀಸೆಯನ್ನು ಜೊತೆಗೇ ಕೊಂಡುಹೋಗಬೇಕು.