ಮ್ಯಾಕ್‌ನಲ್ಲಿ 412 ಜಿಬಿ, ವಿಂಡೋಸ್‌ನಲ್ಲಿ 371: ಉಳಿದದ್ದು ಎಲ್ಲಿ ಹೋಯ್ತು?

ಹಳೇ ಮ್ಯಾಕ್‌ನಿಂದ ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗೆ ಎಲ್ಲವನ್ನೂ ಸಾಗಿಸಿದ್ದೀರಿ ಅಂದ್ಕೊಳ್ಳಿ. ಅಲ್ಲಿ 412 ಜಿಬಿ ಇದ್ದ ಫೋಲ್ಡರ್ ಇಲ್ಲಿ 371 ಅಂತ ತೋರಿಸ್ತಿದೆ. ಹಳೆಯದನ್ನು ಅಳಿಸಿ ಎಕ್ಸ್‌ಚೇಂಜ್‌ಗೆ ಕೊಡೋ ಮುಂಚೆ ಇದಕ್ಕೆ ಉತ್ತರ ಬೇಕು. ಊರಿನ ಮದುವೆ ಫೋಟೋ, ಈಗಿಲ್ಲದ ಅಜ್ಜಿಯ ದನಿ ಎಲ್ಲ ಅದರಲ್ಲೇ ಇರುತ್ತೆ. ದೂರದಲ್ಲಿರೋ ನಮಗೆ ಅವು ಇನ್ನೊಂದು ಸಲ ಸಿಗೋದಿಲ್ಲ.

ಮೊದಲು ಅಳತೆಗೋಲು. 2009ರಲ್ಲಿ ಬಂದ ಸ್ನೋ ಲೆಪರ್ಡ್‌ನಿಂದೀಚೆಗೆ ಮ್ಯಾಕ್‌ಗೆ ಒಂದು ಜಿಬಿ ಅಂದ್ರೆ ನೂರು ಕೋಟಿ ಬೈಟ್. ವಿಂಡೋಸ್‌ಗೆ 107 ಕೋಟಿ ಚಿಲ್ಲರೆ, ಅಂದ್ರೆ 1024ನ್ನು ಮೂರು ಸಲ ಗುಣಿಸಿದಷ್ಟು. ಈ ಎರಡನೇ ಅಳತೆಗೆ 1998ರಲ್ಲೇ ಗಿಬಿಬೈಟ್ ಅಂತ ಬೇರೆ ಹೆಸರು ಕೊಟ್ರು, ವಿಂಡೋಸ್ ಮಾತ್ರ ಜಿಬಿ ಅಂತಲೇ ಬರೆಯುತ್ತೆ. ಹಾಗಾಗಿ ಮ್ಯಾಕ್‌ನ 412 ವಿಂಡೋಸ್‌ನಲ್ಲಿ 384 ಆಗುತ್ತೆ. 28 ಜಿಬಿ ಎಲ್ಲೂ ಹೋಗಿಲ್ಲ. ಚಿಂತೆ ಮಾಡಬೇಕಾದದ್ದು ಉಳಿದ 13ರ ಬಗ್ಗೆ.

ಇಡೀ ಡಿಸ್ಕಿನ ಬಳಕೆಯನ್ನಂತೂ ಹೋಲಿಸಲೇಬೇಡಿ. ಅದರಲ್ಲಿ ಆಪರೇಟಿಂಗ್ ಸಿಸ್ಟಮ್, ಟೈಮ್ ಮಷೀನ್‌ನ ಸ್ನ್ಯಾಪ್‌ಶಾಟ್, ಕ್ಯಾಶ್ ಎಲ್ಲ ಸೇರಿರುತ್ತೆ. ನಡುವೆ ಬಳಸಿದ ಎಕ್ಸ್‌ಟರ್ನಲ್ ಡಿಸ್ಕ್ ಇನ್ನೊಂದು ಆಟ ಆಡುತ್ತೆ. ವಿಂಡೋಸ್‌ನಲ್ಲಿ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದ ದೊಡ್ಡ ಡಿಸ್ಕಿನಲ್ಲಿ ಜಾಗ ಸಾಮಾನ್ಯವಾಗಿ 128 ಕೆಬಿ ತುಂಡುಗಳಲ್ಲಿ ಹಂಚಿಕೆಯಾಗುತ್ತೆ. ತಲಾ 2 ಕೆಬಿಯ ಲಕ್ಷ ಫೈಲ್ ಹಾಕಿ ನೋಡಿ, 200 ಎಂಬಿ ಮಾಹಿತಿ 13 ಜಿಬಿ ಜಾಗ ನುಂಗುತ್ತೆ.

ನಿಜವಾದ ಅಪಾಯ ಕ್ಲೌಡ್‌ನದ್ದು. ಜಾಗ ಉಳಿಸೋಕೆ ಐಕ್ಲೌಡ್ ಆಗಲಿ ಒನ್‌ಡ್ರೈವ್ ಆಗಲಿ ಹೆಸರನ್ನು ಇಲ್ಲಿ ಬಿಟ್ಟು ಒಳಗಿನದ್ದನ್ನು ತಮ್ಮ ಸರ್ವರ್‌ನಲ್ಲಿ ಇಟ್ಕೊಳ್ಳಬಹುದು. ಫೈಲ್ ಕಾಣುತ್ತೆ, ಅಳತೆಯೂ ಕಾಣುತ್ತೆ, ಒಳಗೆ ಮಾತ್ರ ಏನೂ ಇಲ್ಲ! ಮ್ಯಾಕ್‌ನಲ್ಲಿ ಅಂಥ ಫೈಲ್ ಪಕ್ಕ ಪುಟ್ಟ ಮೋಡದ ಗುರುತಿರುತ್ತೆ. ವಿಂಡೋಸ್‌ನಲ್ಲಿ ಪ್ರಾಪರ್ಟೀಸ್ ತೆರೆದ್ರೆ ಸೈಜ್ 4 ಎಂಬಿ, ಸೈಜ್ ಆನ್ ಡಿಸ್ಕ್ ಸೊನ್ನೆ. ಕಾಪಿ ಮಾಡೋ ಮುಂಚೆಯೇ ಇವನ್ನೆಲ್ಲ ಹಳೇ ಯಂತ್ರಕ್ಕೆ ಇಳಿಸ್ಕೊಳ್ಳಿ. ಹೆಸರಿನ ತಕರಾರೂ ಇದೆ. ಫೈಲ್ ಹೆಸರಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ರೆ ಮ್ಯಾಕ್ ಸುಮ್ಮನಿರುತ್ತೆ, ವಿಂಡೋಸ್ ಒಪ್ಪೋದಿಲ್ಲ. ಅಂಥವು ದಾರಿಯಲ್ಲೇ ಬಿಟ್ಟುಹೋಗಬಹುದು.

ಹಾಗಾದ್ರೆ ಪರೀಕ್ಷೆ ಹೇಗೆ? ಜಿಬಿ ಬಿಡಿ, ಬೈಟ್ ನೋಡಿ. ಎರಡೂ ಕಡೆ ಪೂರ್ತಿ ಬೈಟ್ ಸಂಖ್ಯೆ ಇರುತ್ತೆ. ಆಮೇಲೆ ಒಂದೊಂದೇ ಫೋಲ್ಡರ್‌ನ ಫೈಲ್‌ಗಳನ್ನು ಎಣಿಸಿ. ಮ್ಯಾಕ್ ತನಗಾಗಿ ಬಚ್ಚಿಟ್ಟ ಡಿಎಸ್ ಸ್ಟೋರ್ ಫೈಲ್‌ಗಳಿಂದ ಒಂದೆರಡು ವ್ಯತ್ಯಾಸ ಬರಬಹುದು, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಎಣಿಕೆ ಸರಿಯಿದ್ರೂ ಒಳಗಿನದ್ದು ಕೆಟ್ಟಿರಬಹುದಲ್ಲ? ಅದಕ್ಕೆ ಚೆಕ್‌ಸಮ್. ಎಸ್‌ಎಚ್‌ಎ-256 ಅನ್ನೋ ಲೆಕ್ಕ ಎಷ್ಟೇ ದೊಡ್ಡ ಫೈಲನ್ನೂ 64 ಅಕ್ಷರಗಳ ಗುರುತಾಗಿ ಮಾಡುತ್ತೆ. ಒಂದೇ ಒಂದು ಬಿಟ್ ಬದಲಾದ್ರೂ ಗುರುತೇ ಬೇರೆ. ಮ್ಯಾಕ್‌ನಲ್ಲಿ ಶಾಸಮ್, ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್, ಎರಡೂ ಯಂತ್ರದಲ್ಲೇ ಇರುತ್ತವೆ, ದುಡ್ಡು ಕೊಡಬೇಕಿಲ್ಲ.

ಎಲ್ಲ ಫೈಲ್‌ಗೂ ಮಾಡೋಕೆ ಪುರುಸೊತ್ತಿಲ್ಲ ಅಂದ್ರೆ ಫೋಟೋ, ವಿಡಿಯೋ, ದನಿ ಈ ಮೂರಕ್ಕಾದ್ರೂ ಮಾಡಿ. ಸಿನಿಮಾ ಮತ್ತೆ ಇಳಿಸ್ಕೋಬಹುದು. ಈ ಕೆಲಸ ಮುಗಿಯೋವರೆಗೂ ಹಳೇ ಮ್ಯಾಕ್ ಮನೆಯಲ್ಲೇ ಇರಲಿ.