ಪ್ರದರ್ಶನಕ್ಕೆ ಹೊರಟಳು ನಮ್ಮ ಗಿಡ್ಡಿ!

ಅಮೆರಿಕದಲ್ಲಿ ಕುಳ್ಳ ಕುದುರೆಗಳ ಒಂದು ತಳಿ ಇದೆ. ಆಟಿಕೆಯ ಕುದುರೆಗೇ ಜೀವ ಬಂದ ಹಾಗೆ ಕಾಣುವ ಪ್ರಾಣಿ. ಅವನ್ನು ಸಾಕುವವರು 1978ರಲ್ಲಿ ಒಂದು ಸಂಘವನ್ನೇ ಕಟ್ಟಿಕೊಂಡರು. ಕುತ್ತಿಗೆಯ ಕೂದಲು ಮುಗಿಯುವಲ್ಲಿ ಅಳೆದರೆ ಎತ್ತರ 34 ಅಂಗುಲ ಮೀರಬಾರದು. ಮೀರಿತೋ, ಆ ಸಂಘದ ಪಟ್ಟಿಯಲ್ಲಿ ಜಾಗವಿಲ್ಲ! ಅಲ್ಲಿ ಎತ್ತರವೇ ದೋಷ, ಗಿಡ್ಡತನವೇ ಗುಣ. ಇಂಥ ಕುದುರೆಗಳನ್ನು ಪ್ರದರ್ಶನದ ಅಂಗಳದಲ್ಲಿ ಹೆಂಗಸರೂ ಮಕ್ಕಳೂ ಹಗ್ಗ ಹಿಡಿದು ನಡೆಸುತ್ತಾರೆ.

34 ಅಂಗುಲವೆಂದರೆ 86 ಸೆಂಟಿಮೀಟರು. ಈ ಅಳತೆ ಎಲ್ಲೋ ಕಂಡದ್ದು ಅನ್ನಿಸುವುದಿಲ್ಲವೇ? ನಮ್ಮ ಕೊಟ್ಟಿಗೆಯಲ್ಲಿ ಅಕ್ಕಚ್ಚಿಗಾಗಿ ಕುತ್ತಿಗೆ ಚಾಚಿ ನಿಂತ ಗಿಡ್ಡಿಯ ಎತ್ತರವೂ ಅದರ ಆಸುಪಾಸಿನದೇ.

ಕುದುರೆಗೂ ನಮ್ಮ ಸೀಮೆಗೂ ಹಳೆಯ ನಂಟು. ಅರಬರ ಕುದುರೆಗಳು ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ಗೇರುಸೊಪ್ಪದಿಂದ ಆಳಿದ ಚೆನ್ನಭೈರಾದೇವಿಯನ್ನು ಕಾಳುಮೆಣಸಿನ ರಾಣಿ ಎಂದು ಇಂದಿಗೂ ನೆನೆಯುತ್ತೇವೆ. ಕುದುರೆಗಳೇನೋ ದಾಟಿಹೋದವು. ಶರಾವತಿಯ ದಂಡೆಯಲ್ಲಿ ನಮ್ಮ ಪಾಲಿಗೆ ಉಳಿದವಳು ಬೆಳಿಗ್ಗೆ ಬೆಟ್ಟ ಹತ್ತಿ, ಸಂಜೆ ತಾನೇ ದಾರಿ ಹಿಡಿದು ಮನೆಗೆ ಬರುವ ಗಿಡ್ಡಿ.

ಊರದನ ಅಂತ ನಾವು ಸಸಾರ ಮಾಡುವ ಈ ಹಸುವಿಗೆ ಮಲೆನಾಡು ಗಿಡ್ಡ ಎಂಬ ತಳಿಯ ಹೆಸರಿದೆ. ಹಳ್ಳಿಕಾರ್, ಅಮೃತಮಹಲ್, ಖಿಲಾರಿಗಳಂತೆ ಇದನ್ನೂ ಕರ್ನಾಲದ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ವರ್ಷಕ್ಕೊಂದು ಕರು ಹಾಕುವ ಗುಣದಿಂದ ‘ವರ್ಷಗಂಧಿ’ ಎಂದೂ ಕರೆಯುತ್ತಾರೆ. ಕೊಡುವುದು ದಿನಕ್ಕೆ ಒಂದೆರಡು ಲೀಟರು ಹಾಲು, ಅಷ್ಟೇ. ಆದರೆ ಅವಳು ತಿನ್ನುವುದಾದರೂ ಎಷ್ಟು? ಬೆಟ್ಟದ ಹುಲ್ಲು, ಮನೆಯ ಅಕ್ಕಚ್ಚು, ಒಂದು ಹಿಡಿ ಹಿಂಡಿ! ಸೋನೆಮಳೆಯಲ್ಲಿ ನೆನೆದರೂ ಜಗ್ಗುವವಳಲ್ಲ.

ಇಂಥವಳನ್ನು ಪ್ರದರ್ಶನಕ್ಕೆ ಕರೆದೊಯ್ಯುತ್ತೇನೆ ಅಂದು ನೋಡಿ. “ಅಯ್ಯೋ ಮಾರಾಯ್ತಿ, ಈ ಗಿಡ್ಡಿಯನ್ನಾ? ಬಿಂದಿಗೆ ಕೆಚ್ಚಲಿನ ಜರ್ಸಿಗಳ ಎದುರು?” ಎಂದು ನೆರೆಮನೆಯವರು ನಕ್ಕಾರು. ನಗಲಿ ಬಿಡಿ. ಹಾಲು ಕರೆಯುವ ಸ್ಪರ್ಧೆಯಲ್ಲಿ ಅವಳು ಜರ್ಸಿಯನ್ನು ಗೆಲ್ಲಲಾರಳು, ಗೆಲ್ಲಬೇಕಾಗಿಯೂ ಇಲ್ಲ. ದೇಸಿ ತಳಿಯ ವಿಭಾಗದಲ್ಲಿ ನೋಡುವುದೇ ಬೇರೆ: ತಳಿಯ ಲಕ್ಷಣ ಎಷ್ಟು ಶುದ್ಧವಾಗಿ ಉಳಿದಿದೆ, ಮೈ ಆರೋಗ್ಯವಾಗಿದೆಯೇ, ನಡಿಗೆ ನೆಟ್ಟಗಿದೆಯೇ, ಸ್ವಭಾವ ಹೇಗೆ ಎಂಬುದು. ಅಡಕವಾದ ಮೈ, ಗಿಡ್ಡ ಕಾಲು, ಚಿಕ್ಕ ಹಿಣಿಲು, ಪುಟ್ಟ ಕೆಚ್ಚಲು. ಬಣ್ಣ ಕಪ್ಪೇ ಹೆಚ್ಚು. ಕಂದು, ಕೆಂಪು ಛಾಯೆಯೂ ಉಂಟು. ಕುಳ್ಳ ಹಸುವಿಗೆ ಮರ್ಯಾದೆ ಸಿಕ್ಕಿದ ಉದಾಹರಣೆ ಬೇಕೆ? ಕೇರಳದ ವೆಚೂರು ತಳಿಯ ‘ಮಾಣಿಕ್ಯಂ’ ಎಂಬ ಹಸು ಬರೀ 61.1 ಸೆಂಟಿಮೀಟರು ಎತ್ತರವಿದ್ದು, 2014ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದಳು. 2007ರ ಏಪ್ರಿಲ್‌ನಲ್ಲಿ ಹೊಸನಗರದ ರಾಮಚಂದ್ರಾಪುರ ಮಠದಲ್ಲಿ ವಿಶ್ವ ಗೋ ಸಮ್ಮೇಳನ ನಡೆದಾಗ ದೇಶದ ನಾನಾ ತಳಿಯ ಹಸುಗಳನ್ನು ನೋಡಲು ಜನ ಮುಗಿಬಿದ್ದದ್ದು ಹಲವರಿಗೆ ನೆನಪಿರಬಹುದು.

ಪ್ರದರ್ಶನಗಳು ನಡೆಯುವುದೆಲ್ಲಿ? ಪಶುಪಾಲನಾ ಇಲಾಖೆಯವರು ಪಂಚಾಯತಿ, ಹಾಲಿನ ಸಂಘಗಳ ಜತೆಗೂಡಿ ಊರೂರಲ್ಲಿ ಕರುಗಳ ಪ್ರದರ್ಶನ ಏರ್ಪಡಿಸುವುದುಂಟು. ದೊಡ್ಡದೇ ಬೇಕೆಂದರೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳವಿದೆ. ಮೊದಲ ಸಲಕ್ಕೆ ಹತ್ತಿರದ್ದೇ ಸಾಕು. ತಿಂಗಳಿಗೆ ಮುಂಚೆಯೇ ಪಶು ಆಸ್ಪತ್ರೆಗೆ ಹೋಗಿ “ದೇಸಿ ತಳಿಗೆ ಬೇರೆ ವಿಭಾಗ ಇದೆಯಾ?” ಎಂದು ಕೇಳಿ. ಎಷ್ಟೋ ಕಡೆ ಮಿಶ್ರತಳಿಗೆ ಮಾತ್ರ ಇರುತ್ತದೆ. ಇಲ್ಲವೆಂದರೆ ಸುಮ್ಮನೆ ಮರಳಬೇಡಿ. ಕೇರಿಯ ಐದಾರು ಮಂದಿ ಸೇರಿ ಅರ್ಜಿ ಕೊಡಿ. ಕೇಳುವವರಿಲ್ಲದಿದ್ದರೆ ವಿಭಾಗ ಹುಟ್ಟುವುದಾದರೂ ಹೇಗೆ?

ಹೆಸರು ಬರೆಸುವಾಗ ನಿಮ್ಮ ಹೆಸರನ್ನೇ ಬರೆಸಿ ಎಂಬುದು ನನ್ನ ಒತ್ತಾಯ. ಸಗಣಿ ಬಾಚುವವಳು, ಹುಲ್ಲು ಹೊರುವವಳು, ಹಾಲು ಕರೆಯುವವಳು, ರಾತ್ರಿ ದನ ಕೂಗಿದರೆ ಲಾಟೀನು ಹಿಡಿದು ಎದ್ದು ಹೋಗುತ್ತಿದ್ದವಳು, ಈಗ ಬ್ಯಾಟರಿ ಹಿಡಿದು ಹೋಗುವವಳು, ಎಲ್ಲ ಮನೆಯಾಕೆ. ಪ್ರದರ್ಶನದ ದಿನ ಗರಿಗರಿ ಪಂಚೆಯುಟ್ಟು ಹಗ್ಗ ಹಿಡಿಯುವವರು ಮಾತ್ರ ಯಜಮಾನರು! ಇದು ಜಗಳದ ಮಾತಲ್ಲ, ಜಾಣತನದ ಮಾತು. ದಿನಾ ಮೈದಡವಿದ ಕೈಗೆ ದನ ಒಗ್ಗಿರುತ್ತದೆ. ಗದ್ದಲದಲ್ಲಿ ಬೆದರಿದ ಹಸು ಪರಿಚಿತ ದನಿಗೆ ನಿಲ್ಲುವಂತೆ ಬೇರೆಯವರ ಎಳೆತಕ್ಕೆ ನಿಲ್ಲುವುದಿಲ್ಲ.

ಹಗ್ಗದ ಪಾಠ

ಮೊದಲ ಬಾರಿಗೆ ಕರೆದೊಯ್ಯಲು ಆರು ತಿಂಗಳಿಂದ ವರ್ಷದೊಳಗಿನ ಹೆಣ್ಣುಕರು ಸುಲಭ. ಹಸುವೇ ಆಗಬೇಕೆಂದರೆ ಎರಡು-ಮೂರು ಸೂಲಿನ ಸಾಧುವಾದದ್ದನ್ನು ಆರಿಸಿ. ತುಂಬಿದ ಗಬ್ಬದ ಹಸುವನ್ನಂತೂ ಬೇಡವೇ ಬೇಡ.

ನಮ್ಮ ಗಿಡ್ಡಿಯರಿಗೆ ಕಷ್ಟದ ವಿಷಯವೆಂದರೆ ಹಗ್ಗ. ಬಿಟ್ಟು ಮೇಯುವ ದನ, ಕಣ್ಣಿ ಕಂಡರೆ ಮುಖ ತಿರುಗಿಸುತ್ತದೆ. ಆದ್ದರಿಂದ ತಿಂಗಳ ಮೊದಲೇ ಅಭ್ಯಾಸ ಶುರುವಾಗಲಿ. ಕುತ್ತಿಗೆಯ ಕಣ್ಣಿಯೊಂದನ್ನೇ ನೆಚ್ಚದೆ ಮುಖಕ್ಕೂ ಮೆದು ಹಗ್ಗದ ಕಟ್ಟು ಹಾಕಿ. ಮೊದಲ ನಾಲ್ಕು ದಿನ ಕಟ್ಟಿ ನಿಲ್ಲಿಸಿ ಮೈ ಉಜ್ಜಿದರೆ ಸಾಕು. ಆಮೇಲೆ ದಿನಕ್ಕೆ ಹತ್ತು ನಿಮಿಷ ಅಂಗಳದಲ್ಲಿ ನಡೆಸಿ. ನೀವು ಅದರ ಎಡಗಡೆ ತಲೆಯ ಪಕ್ಕದಲ್ಲಿರಬೇಕು. ಮುಂದೆ ನಿಂತು ಎಳೆದರೆ ಅದು ಹಿಂದೆ ಎಳೆಯುತ್ತದೆ, ಆ ಪಂದ್ಯದಲ್ಲಿ ಗೆಲ್ಲುವವರು ನೀವಲ್ಲ! ಜಗ್ಗಿದಾಗ ಹಗ್ಗ ಬಿಗಿಹಿಡಿದು ನಿಲ್ಲಿ. ಒಂದು ಹೆಜ್ಜೆ ಮುಂದಿಟ್ಟ ಕೂಡಲೇ ಸಡಿಲಿಸಿ. ಸಡಿಲವೇ ಅದಕ್ಕೆ ಸಿಗುವ ಬಹುಮಾನ. ಹಗ್ಗವನ್ನು ಮಾತ್ರ ಎಂದೂ ಕೈಗೆ ಸುತ್ತಿಕೊಳ್ಳಬೇಡಿ. ಗಿಡ್ಡಿಯಾದರೂ ನೂರು ಕಿಲೋ ತೂಗುವವಳು, ಬೆದರಿ ಓಡಿದರೆ ಬೆರಳು ಉಳಿಯುವುದಿಲ್ಲ.

ನಡೆಯುವುದು ಬಂದ ಮೇಲೆ ನಿಲ್ಲುವುದು ಕಲಿಸಬೇಕು. ನಾಲ್ಕು ಕಾಲೂ ಸಮನಾಗಿ ನೆಲಕ್ಕೂರಿ, ತಲೆ ಎತ್ತಿ, ಎರಡು ನಿಮಿಷ ಅಲುಗದೆ ನಿಂತರೆ ಅರ್ಧ ಗೆದ್ದಂತೆ. ಮನೆಯವರಲ್ಲದ ಯಾರಾದರೂ ಬಂದು ಬೆನ್ನು, ಕೆಚ್ಚಲು, ಕಾಲು ಮುಟ್ಟಿ ನೋಡಲಿ. ಅಲ್ಲಿ ತೀರ್ಪುಗಾರರು ಮಾಡುವುದೂ ಅದನ್ನೇ. ಕೊಟ್ಟಿಗೆಯಲ್ಲಿ ರೇಡಿಯೋ ಹಾಕಿಡಿ, ಎದುರಿಗೆ ಕೊಡೆ ಬಿಚ್ಚಿ ಮುಚ್ಚಿ ತೋರಿಸಿ. ಧ್ವನಿವರ್ಧಕ ಒಮ್ಮೆಲೇ ಕಿರುಚಿದಾಗ ಇದರ ಬೆಲೆ ಗೊತ್ತಾಗುತ್ತದೆ.

ನಿಮ್ಮ ಉಡುಪಿನ ಮಾತೂ ಇಲ್ಲಿಯೇ ಮುಗಿಸಿಬಿಡೋಣ. ಸೆರಗು ಸೊಂಟಕ್ಕೆ ಸಿಕ್ಕಿಸಿದ ಹತ್ತಿ ಸೀರೆ ಉತ್ತಮ. ಸರಬರ ಎನ್ನುವ ಹೊಸ ರೇಷ್ಮೆ ಬೇಡ. ಬಳೆ ದಿನವೂ ತೊಡುವುದೇ ಇರಲಿ, ಆ ಸದ್ದು ಅದಕ್ಕೆ ಗೊತ್ತು.

ಮೀಯಿಸುವುದು ಹಿಂದಿನ ದಿನ, ಬಿಸಿಲಿರುವಾಗ. ಅಂಟುವಾಳಕಾಯಿಯ ನೊರೆ, ತೆಂಗಿನ ನಾರು ಇದ್ದರೆ ಅಂಗಡಿಯ ಸಾಬೂನು ಬೇಕಿಲ್ಲ. ಗೊರಸಿನ ಸಂದಿನ ಮಣ್ಣು ತೆಗೆದು, ಬಾಲದ ಕೂದಲು ಬಿಡಿಸಿ, ಕೊಂಬಿಗೆ ಎರಡು ಹನಿ ತೆಂಗಿನೆಣ್ಣೆ ಸವರಿ. ಮೈಗೆಲ್ಲ ಎಣ್ಣೆ ಬಳಿದರೆ ದಾರಿಯ ಧೂಳೆಲ್ಲ ಅವಳ ಮೇಲೆಯೇ! ದೊಡ್ಡಹಬ್ಬದ ಗೋಪೂಜೆಗೆ ಕೆಮ್ಮಣ್ಣು-ಶೇಡಿಯ ಉರುಟು ಗುರುತು, ಅಡಿಕೆಯ ದಂಡೆ ಎಲ್ಲ ಚೆಂದವೇ. ಇಲ್ಲಿ ಮಾತ್ರ ಚರ್ಮ, ಬೆನ್ನು, ಕಾಲು ಕಾಣಬೇಕು. ಕುತ್ತಿಗೆಗೊಂದು ಗಂಟೆ ಸಾಕು.

ಕೆಚ್ಚಲು ದೊಡ್ಡದಾಗಿ ಕಾಣಲೆಂದು ಕೆಲವರು ಹಿಂದಿನ ಹೊತ್ತು ಹಾಲು ಕರೆಯದೆ ಬಿಡುತ್ತಾರೆ. ಇದು ಪಾಪವೂ ಹೌದು, ಮೂರ್ಖತನವೂ ಹೌದು. ನೋವಿನಿಂದ ಹಸು ಒದ್ದಾಡುತ್ತದೆ, ಕೆಚ್ಚಲುಬಾವು ಬಂದರೆ ಆ ಸೂಲಿನ ಹಾಲೇ ಹೋದಂತೆ. ಹೊಟ್ಟೆ ತುಂಬಿ ಕಾಣಲೆಂದು ಅಕ್ಕಿ, ಹಿಂಡಿ ಹೇರುವುದೂ ಅಷ್ಟೇ ಅಪಾಯ. ಹೊಟ್ಟೆಯುಬ್ಬರ ಬಂದರೆ ಅಲ್ಲೇ ಜೀವಕ್ಕೆ ಕುತ್ತು. ದಿನಾ ತಿನ್ನುವುದನ್ನೇ ಕೊಡಿ. ಮನೆಯ ನೀರನ್ನೂ ಒಂದು ಕ್ಯಾನಿನಲ್ಲಿ ಒಯ್ಯಿರಿ, ಬೇರೆ ನೀರು ಮೂಸಿ ಬಿಡುವ ದನಗಳುಂಟು.

ಉಣುಗು, ಲಸಿಕೆ, ಕಾಗದ

ಬೆಟ್ಟಕ್ಕೆ ಹೋಗುವ ದನಕ್ಕೆ ಉಣುಗು ತಪ್ಪಿದ್ದಲ್ಲ. ನಮ್ಮ ಕಡೆ ಅದು ಬರೀ ಅಂದದ ಪ್ರಶ್ನೆಯಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಕಾಡಿನ ಉಣುಗು. ಅದರ ಕಾಟ ಹೆಚ್ಚುವುದು ಡಿಸೆಂಬರಿನಿಂದ ಮೇ ತನಕ, ಜಾತ್ರೆ-ಪ್ರದರ್ಶನಗಳ ಕಾಲವೂ ಅದೇ! ಬರಿಗೈಯಲ್ಲಿ ಕಿತ್ತು ಉಗುರಿನಿಂದ ಒರೆಯುವ ಅಭ್ಯಾಸ ಬಿಡಿ, ಕೈಚೀಲ ಹಾಕಿಕೊಳ್ಳಿ. ಔಷಧ ಹಚ್ಚುವುದಾದರೆ ಪಶುವೈದ್ಯರನ್ನು ಕೇಳಿಯೇ ಹಚ್ಚಿ, ಎಷ್ಟು ದಿನ ಹಾಲು ಬಳಸಬಾರದೆಂದೂ ಕೇಳಿಕೊಳ್ಳಿ. ದನದ ಕೆಲಸ ಮಾಡಿದ ಮನೆಯವರಿಗೆ ಜೋರು ಜ್ವರ, ಮೈನೋವು ಬಂದರೆ ಕಷಾಯ ಕುಡಿಸುತ್ತ ಕೂರದೆ ಆಸ್ಪತ್ರೆಗೆ ಓಡಿ.

ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಆಗಿರಬೇಕು. ಚರ್ಮಗಂಟು ರೋಗದ ಲಸಿಕೆಯೂ ಬೇಕು. ಆ ರೋಗ ಹಬ್ಬಿದ 2022ರಲ್ಲಿ ರಾಜ್ಯದಲ್ಲಿ ಜಾನುವಾರು ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು. ಲಸಿಕೆ ಹಾಕಿಸುವುದನ್ನು ಕೊನೆಯ ವಾರಕ್ಕೆ ಇಡಬೇಡಿ, ಅದು ಮೈಗೆ ಹತ್ತಲು ದಿನ ಬೇಕು. ಕಿವಿಗೆ ಹನ್ನೆರಡು ಅಂಕೆಯ ಬಿಲ್ಲೆ ಹಾಕಿಸಿ, ಆರೋಗ್ಯದ ಪ್ರಮಾಣಪತ್ರ ಪಡೆದೇ ವಾಹನ ಹತ್ತಿಸಿ. ವಾಹನದ ತಳಕ್ಕೆ ದಪ್ಪಗೆ ದರಕು ಹಾಸಿದರೆ ತಿರುವುಗಳಲ್ಲಿ ಕಾಲು ಜಾರುವುದಿಲ್ಲ.

ಬಹುಮಾನ ಬಂತೋ ಬಿಟ್ಟಿತೋ, ತೀರ್ಪುಗಾರರನ್ನು ಒಂದು ಪ್ರಶ್ನೆ ಕೇಳದೆ ಬರಬೇಡಿ: “ಇವಳಲ್ಲಿ ತಳಿಯ ಲಕ್ಷಣ ಚೆನ್ನಾಗಿದೆಯೇ? ಇವಳ ಗಂಡುಕರುವನ್ನು ಹೋರಿಯಾಗಿ ಉಳಿಸಬಹುದೇ?” ಗಿಡ್ಡ ತಳಿಗೆ ಬಂದಿರುವ ಕುತ್ತು ಇದೇ. ಹಸುಗಳಿವೆ, ಹೋರಿಗಳಿಲ್ಲ. ಗಂಡುಕರುವನ್ನು ಸಾಕುವವರಿಲ್ಲ, ಬೆದೆಗೆ ಬಂದ ಹಸುವಿಗೆ ಜರ್ಸಿ ಸೂಜಿ ಹಾಕಿಸಿ ಮುಗಿಸುತ್ತೇವೆ. ಎರಡು ತಲೆಮಾರು ಕಳೆದರೆ ಕೊಟ್ಟಿಗೆಯಲ್ಲಿರುವುದು ಅತ್ತ ಜರ್ಸಿಯೂ ಅಲ್ಲ, ಇತ್ತ ಗಿಡ್ಡಿಯೂ ಅಲ್ಲ. ಪ್ರದರ್ಶನದಲ್ಲಿ ನಾಲ್ಕು ಒಳ್ಳೆಯ ಗಿಡ್ಡಿಯರು ಒಟ್ಟಿಗೆ ಕಂಡರೆ, ನಾಲ್ಕು ಮನೆಯವರು ಸೇರಿ ಒಂದು ಹೋರಿ ಸಾಕುವ ಮಾತು ಅಲ್ಲೇ ಹುಟ್ಟಬಹುದು. ಖರ್ಚು ಹಂಚಿಕೊಂಡರೆ ಯಾರಿಗೂ ಭಾರವಲ್ಲ. ಗಿಡ್ಡ ತಳಿಯ ವೀರ್ಯನಳಿಕೆ ಸಿಗುವುದೇ ಎಂದೂ ಆಸ್ಪತ್ರೆಯಲ್ಲಿ ವಿಚಾರಿಸಿ.

ಮನೆಗೆ ಬಂದ ಮೇಲೆ ಅವಳನ್ನು ನೇರವಾಗಿ ಹಿಂಡಿಗೆ ಸೇರಿಸಬೇಡಿ. ಎರಡು ಮೂರು ವಾರ ಬೇರೆ ಕಟ್ಟಿ, ಬೇರೆ ಬಾನಿಯಲ್ಲಿ ನೀರು ಕೊಡಿ. ಪ್ರಯಾಣದ ದಣಿವಿಗೆ ಹಾಲು ಒಂದೆರಡು ದಿನ ಇಳಿದೀತು. ಮೇವು ತಿನ್ನುತ್ತ, ಮೆಲುಕು ಹಾಕುತ್ತ ಇದ್ದರೆ ಗಾಬರಿ ಬೇಡ. ಮೇವು ಬಿಟ್ಟರೆ, ಬಾಯಲ್ಲಿ ಜೊಲ್ಲು ಸುರಿದರೆ, ಮೈಮೇಲೆ ಗಂಟು ಕಂಡರೆ ಆ ದಿನವೇ ಪಶುವೈದ್ಯರಿಗೆ ತಿಳಿಸಿ.